ಓಲೆಯ ಮೇಲೆ ಹೆಡ್‌ಫೋನು

ಹೆಡ್‌ಫೋನನ್ನು ಅಂಗಡಿಯಲ್ಲಿ ಐದು ನಿಮಿಷ ಹಾಕಿ ನೋಡಿ ಒಪ್ಪುವುದು ಹೆಣ್ಣು ನೋಡುವ ಶಾಸ್ತ್ರವಿದ್ದ ಹಾಗೆ. ಆ ಐದು ನಿಮಿಷ ಎಲ್ಲರೂ ಒಳ್ಳೆಯವರೇ. ಉಪ್ಪಿಟ್ಟು ಬಿಸಿಯಾಗಿರುತ್ತದೆ, ಮಾತು ಮೆತ್ತಗಿರುತ್ತದೆ. ನಿಜ ಗೊತ್ತಾಗುವುದು ಮೂರನೆಯ ಗಂಟೆಗೆ, ನೆತ್ತಿ ಕಾದು, ಕಿವಿಯ ಹಿಂದಿನ ಮೂಳೆ ನೋಯಲು ಶುರುವಾದಾಗ. ಏಳು ವರ್ಷದಿಂದ ದಿನಕ್ಕೆ ಏಳೆಂಟು ಗಂಟೆ ಇದನ್ನು ತಲೆಗೆ ಸಿಕ್ಕಿಸಿಕೊಂಡು ಕೂತವಳು ನಾನು. ನಾಲ್ಕು ಹೆಡ್‌ಫೋನು ಕಂಡಿದ್ದೇನೆ. ಬೇರೆ ಯಾವುದರಲ್ಲಿ ಅಲ್ಲದಿದ್ದರೂ ಈ ಒಂದು ವಿಷಯದಲ್ಲಿ ನನ್ನ ಮಾತನ್ನು ನಂಬಬಹುದು.

ನನ್ನ ಕೆಲಸ ಕೇಳಿ ಟೈಪು ಮಾಡುವುದು. ಮದುವೆಗೆ ಮುಂಚೆ ಹೊಳೆನರಸೀಪುರದಲ್ಲಿ ಟೈಪಿಂಗ್ ಕಲಿತಿದ್ದೆ. ಚನ್ನರಾಯಪಟ್ಟಣಕ್ಕೆ ಸೊಸೆಯಾಗಿ ಬಂದ ಮೇಲೆ ವಕೀಲರೊಬ್ಬರ ಆಫೀಸಿನಲ್ಲಿ ಕೆಲವು ವರ್ಷ ಟೈಪಿಸ್ಟಾಗಿದ್ದೆ. ಆಮೇಲೆ ಈ ಕೆಲಸ ಸಿಕ್ಕಿತು. ಹಳ್ಳಿಗಳಿಗೆ ಹೋಗಿ ಜನರನ್ನು ಮಾತಾಡಿಸಿ ರೆಕಾರ್ಡು ಮಾಡಿಕೊಂಡು ಬರುವವರಿದ್ದಾರೆ. ಬೆಳೆ, ಕಾಯಿಲೆ, ಹಸು, ಹೆರಿಗೆ, ಏನು ಬೇಕಾದರೂ ಕೇಳುತ್ತಾರೆ. ಆ ಮಾತೆಲ್ಲ ಕಂಪ್ಯೂಟರಿಗೆ ಬರುತ್ತದೆ. ನಾನು ಕೇಳಿಸಿಕೊಂಡು, ಒಂದಕ್ಷರ ಬಿಡದೆ ಟೈಪು ಮಾಡಿ ಕಳಿಸಬೇಕು. ನಮ್ಮ ಕಡೆಯವರು ಅರ್ಧ ಮಾತನ್ನು ನುಂಗಿ, ಇನ್ನರ್ಧವನ್ನು ಎಲೆ ಅಡಿಕೆಯ ಜೊತೆ ಅಗಿದು ಆಡುತ್ತಾರೆ. ಬೇರೆ ಸೀಮೆಯವರಿಗೆ ತಲೆಬುಡ ತಿಳಿಯುವುದಿಲ್ಲ. ನನಗೆ ತಿಳಿಯುತ್ತದೆ. ನನ್ನ ವಿದ್ಯೆ ಇಷ್ಟೇ.

ಮೊದಲನೆಯ ಹೆಡ್‌ಫೋನು ಮೊಬೈಲ್ ಅಂಗಡಿಯದು. ಕಿವಿಯನ್ನು ಸುತ್ತುವರಿಯುವ ದೊಡ್ಡದಲ್ಲ, ಕಿವಿಯ ಮೇಲೇ ಕೂರುವ ಸಣ್ಣದು. ಬೇಡದ ನೆಂಟರಂತೆ ಒತ್ತಿಕೊಂಡು ಕೂರುತ್ತಿತ್ತು. ಅದರ ಬಗ್ಗೆ ಇಷ್ಟು ಸಾಕು.

ಎರಡನೆಯದು ಪೂರ್ತಿ ಕಿವಿ ಮುಚ್ಚುವ ದೊಡ್ಡ ಬಟ್ಟಲಿನದು. ಬೇಸ್ ವಿಪರೀತ. ಮುದುಕಿಯೊಬ್ಬಳು ಸೊಸೆಯ ಮೇಲೆ ದೂರು ಹೇಳುತ್ತಿದ್ದರೂ ಮೈಮೇಲೆ ದೇವರು ಬಂದು ಮಾತಾಡಿದಂತೆ ಕೇಳುತ್ತಿತ್ತು. ಹಾಡು ಕೇಳುವವರಿಗೆ ಅದು ಚೆಂದ ಇರಬಹುದು. ಮಾತು ಕೇಳುವವರಿಗೆ ಬೇಕಾದದ್ದು ನಡುವಿನ ಸ್ವರ. ಗುಡುಗು ಎಷ್ಟು ಜಾಸ್ತಿಯೋ ಮಾತು ಅಷ್ಟು ಕೆಸರು. ವರ್ಷ ತುಂಬುವುದರೊಳಗೆ ಅದರ ಮೆತ್ತೆಯಿಂದ ಕರಿ ಸಿಪ್ಪೆ ಏಳತೊಡಗಿತು. ನನ್ನ ಕಿವಿಗೆ, ಕೆನ್ನೆಗೆ ಎಲ್ಲ ಅಂಟಿಕೊಂಡದ್ದನ್ನು ಕಂಡು ಅತ್ತೆ ಏನೋ ಚರ್ಮದ ಕಾಯಿಲೆಯೆಂದು ಗಾಬರಿಯಾಗಿ ಅರಿಸಿನ ಅರೆದು ತಂದಿದ್ದರು. ಹೆಡ್‌ಫೋನಿನ ಸಿಪ್ಪೆ ಎಂದರೆ ನಂಬಲಿಲ್ಲ. ಬಳಿಸಿಕೊಂಡು ಸುಮ್ಮನಾದೆ.

ಮೂರನೆಯದು ನಿಜಕ್ಕೂ ಒಳ್ಳೆಯದು. ಬಟ್ಟಲು ಆಳವಾಗಿತ್ತು, ಹಿಂಭಾಗ ಪೂರ್ತಿ ಮುಚ್ಚಿತ್ತು. ಹಾಕಿಕೊಂಡರೆ ಬೀದಿಯಲ್ಲಿ ಮೈಕಿನ ಆಟೋ ಹೋದರೂ ತಿಳಿಯುತ್ತಿರಲಿಲ್ಲ. ಅದರಲ್ಲಿ ಎರಡು ವರ್ಷ ನೆಮ್ಮದಿಯಾಗಿ ಕೆಲಸ ಮಾಡಿದೆ. ಆಮೇಲೆ ಆ ಒಳ್ಳೆಯ ಗುಣವೇ ಮುಳುವಾಯಿತು.

ನನ್ನ ಗಂಡ ಬಸ್ ಕಂಡಕ್ಟರ್ ಆಗಿದ್ದರು. ಹಾಸನದಿಂದ ಅರಕಲಗೂಡಿನವರೆಗೆ ಪ್ರತಿ ನಿಲ್ದಾಣದ ಹೆಸರನ್ನೂ ಕೂಗಿ ಹೇಳಿ ಗಂಟಲು ಗಟ್ಟಿ ಮಾಡಿಕೊಂಡವರು. ಮನೆಯಲ್ಲಿ ಉಪ್ಪು ಕೇಳಿದರೂ ಹಿಂದಿನ ಸೀಟಿನವರಿಗೆ ಕೇಳಿಸುವ ಹಾಗೆ ಕೇಳುತ್ತಿದ್ದರು. ಒಂದು ಬೆಳಿಗ್ಗೆ ಶೂ ಹಾಕಿಕೊಳ್ಳುತ್ತಿದ್ದವರು ಹಾಗೇ ಪಕ್ಕಕ್ಕೆ ವಾಲಿದರು. ಬಲಗೈ ಬಲಗಾಲು ಹೋಯಿತು, ಮಾತೂ ಹೋಯಿತು. ಹಾಸನದ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನಡುಮನೆಯ ಮಂಚವೇ ಅವರ ಊರು. ಏನಾದರೂ ಬೇಕಾದರೆ ಎಡಗೈಯಲ್ಲಿ ಸ್ಟೀಲ್ ಲೋಟ ಹಿಡಿದು ಮಂಚದ ಕಂಬಿಗೆ ಬಡಿಯುತ್ತಿದ್ದರು. ನಾನು ಪಕ್ಕದ ಕೋಣೆಯಲ್ಲಿ ಕೂತು ದುಡಿಯುತ್ತಿದ್ದೆ. ಮನೆ ನಡೆಯುತ್ತಿದ್ದುದು, ಅವರ ಔಷಧಿ ಬರುತ್ತಿದ್ದುದು ನನ್ನ ಎರಡು ಕಿವಿಯಿಂದ.

ಅತ್ತೆ ನುಗ್ಗೇಹಳ್ಳಿಯ ನಮ್ಮ ತೋಟ ನೋಡಿ ಬರಲು ಹೋಗಿದ್ದ ಒಂದು ದಿನ ನನ್ನ ಗಂಡ ಲೋಟ ಬಡಿದಿದ್ದಾರೆ. ನನಗೆ ಕೇಳಿಸಿಲ್ಲ. ಕೆಲಸ ಮುಗಿಸಿ ಹೆಡ್‌ಫೋನು ತೆಗೆದು ಬಂದು ನೋಡಿದರೆ ಲೋಟ ನೆಲದ ಮೇಲೆ, ಹಾಸಿಗೆ ಒದ್ದೆ, ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದರು. ಬಟ್ಟೆ ಬದಲಿಸುವಾಗ ನನ್ನ ಕಡೆ ನೋಡಲಿಲ್ಲ. ಅವರಿಗಾದ ನಾಚಿಕೆ ನನ್ನ ಕೈಗೆ ತಾಗುತ್ತಿತ್ತು. ಆ ವಾರವೇ ಹಾಸನಕ್ಕೆ ಹೋದೆ, ನಾಲ್ಕನೆಯದನ್ನು ತರಲು.

ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರದ ಅಂಗಡಿ. ಅಂಗಡಿಯವರಿಗೆ ಮೂವತ್ತರ ಆಸುಪಾಸು. ಕೂತ ತಕ್ಷಣ ಒಂದು ದಪ್ಪನೆಯದನ್ನು ತಲೆಗಿಟ್ಟು ಹಾಡು ಹಾಕಿದರು.

"ಬೇಸ್ ಕೇಳಿ ಅಕ್ಕ. ಎದೆ ನಡುಗ್ತದೆ."

"ನನ್ನೆದೆ ನಡುಗಿ ನಡುಗಿ ಸಾಕಾಗಿದೆ ಕಣಪ್ಪ. ಮಾತು ಕೇಳಿಸಿದ್ರೆ ಸಾಕು. ಈಚೆ ಕಡೆ ಶಬ್ದಾನೂ ಕೇಳಿಸ್ಬೇಕು."

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ಹೊರಗಿನ ಶಬ್ದ ಕೇಳಿಸಬಾರದು ಎಂದು ಬರುವವರೇ ಎಲ್ಲ. ಕೊನೆಗೆ ಮೇಲಿನ ಶೆಲ್ಫಿನಿಂದ ಒಂದನ್ನು ಇಳಿಸಿದರು. ಬಟ್ಟಲಿನ ಹಿಂಭಾಗ ಮುಚ್ಚಿರಲಿಲ್ಲ, ಹಿಟ್ಟಿನ ಜರಡಿಯಂಥ ಜಾಲರಿ ಇತ್ತು. ಮೆತ್ತೆ ಮಖಮಲ್ಲಿನದು, ಸಿಪ್ಪೆ ಏಳುವ ಭಯವಿಲ್ಲ. ಕೈಯಲ್ಲಿ ಹಿಡಿದರೆ ಒಣಗಿದ ಸೋರೆಬುರುಡೆಯಷ್ಟು ಹಗುರ.

ನನಗೆ ನನ್ನದೇ ಪರೀಕ್ಷೆಯಿದೆ. ಮೊಬೈಲಿನಲ್ಲಿ ಒಬ್ಬ ಅಜ್ಜಿಯ ರೆಕಾರ್ಡು ಇಟ್ಟುಕೊಂಡಿದ್ದೇನೆ. ಪಂಪ್‌ಸೆಟ್ಟಿನ ಪಕ್ಕ ನಿಂತು, ಹಲ್ಲಿಲ್ಲದ ಬಾಯಲ್ಲಿ, ಕರು ಸತ್ತ ವಿಷಯ ಹೇಳುವ ಮಾತು. ಮೋಟಾರಿನ ಗದ್ದಲದೊಳಗಿಂದ ಆ ಅಜ್ಜಿಯ ಮಾತಿನ ಕೊನೆಕೊನೆಯ ಅಕ್ಷರಗಳು ಬೇರೆಯಾಗಿ ಬಂದರೆ ಹೆಡ್‌ಫೋನು ಪಾಸು. 'ಸ' ಬಂದ ಕಡೆ ಕಿವಿಗೆ ಸೂಜಿ ಚುಚ್ಚಿದಂತಾದರೆ ಫೇಲು. ಆಮೇಲೆ ತಲೆ ಬಗ್ಗಿಸಬೇಕು, ಜಾರಬಾರದು. ಏನನ್ನಾದರೂ ಅಗಿಯಬೇಕು, ದವಡೆ ಆಡುವಾಗ ಪಟ್ಟಿ ಕಿರುಗುಟ್ಟಬಾರದು. ಕನ್ನಡಕದ ಕಡ್ಡಿ ಒತ್ತಬಾರದು, ತುರುಬಿಗೆ ತಾಗಬಾರದು. ಇದನ್ನೆಲ್ಲ ಮಾಡುತ್ತ ಅಂಗಡಿಯಲ್ಲಿ ಒಂದು ಗಂಟೆ ಕೂತೆ. ಅವರು ಎರಡು ಸಲ ಕಾಫಿ ತರಿಸಿದರು, ಮೂರನೆಯ ಸಲ ತರಿಸಲಿಲ್ಲ.

ಹೆಡ್‌ಫೋನು ಎಲ್ಲದರಲ್ಲೂ ಗೆದ್ದಿತು. ಅಜ್ಜಿ ಎದುರಿಗೇ ಕೂತು ಮಾತಾಡಿದ ಹಾಗಿತ್ತು. ಅಂಗಡಿಯವರು ಚಮಚದಲ್ಲಿ ಲೋಟ ಬಡಿದದ್ದೂ ಕೇಳಿಸಿತು. ಒಂದೇ ಒಂದು ದೋಷ. ಬಟ್ಟಲಿನ ಆಳ ಕಡಿಮೆ, ನನ್ನ ಬೆರಳಿನ ಅರ್ಧ ಗೆಣ್ಣಿನಷ್ಟೂ ಇಲ್ಲ. ಒಳಗಿನ ಬಟ್ಟೆ ಓಲೆಗೆ ತಾಗಿ, ಓಲೆಯ ಹಿಂದಿನ ತಿರುಪು ಕುತ್ತಿಗೆಯ ಕಡೆಗೆ ಒತ್ತುತ್ತಿತ್ತು.

"ವಾಲೆ ಬಿಚ್ಚಿ ಒಂದ್ಸಲ ಹಾಕ್ಕೊಂಡ್ ನೋಡಿ ಅಕ್ಕ, ಇನ್ನೂ ಚೆನ್ನಾಗಿ ಕೂರ್ತದೆ," ಎಂದರು.

ನನ್ನ ಕೈ ತಟ್ಟನೆ ಕಿವಿಗೆ ಹೋಯಿತು, ಬಿಚ್ಚಲು ಅಲ್ಲ. ಅವರು ಪಾಪ, ಹೆಡ್‌ಫೋನಿನ ವಿಷಯ ಹೇಳಿದ್ದು. ಹೆಡ್‌ಫೋನು ಮಾಡುವವರಿಗೆ ಓಲೆಭಾಗ್ಯ ಎಂಬ ಮಾತು ಗೊತ್ತಿರುವುದಿಲ್ಲ. ಗಂಡ ಇರುವಷ್ಟು ದಿನ ಓಲೆ ಕಿವಿಯಲ್ಲೇ ಇರಬೇಕು, ಅವನು ಹೋದ ಮೇಲೆ ಬೇರೆಯವರ ಕೈಯಲ್ಲಿ ಇಳಿಯಬೇಕು. ಈಗ ಎಷ್ಟೋ ಮನೆಗಳಲ್ಲಿ ಇದನ್ನು ಬಿಟ್ಟಿದ್ದಾರೆ. ನಮ್ಮ ಮನೆಯಲ್ಲಿ ಬಿಟ್ಟಿರಲಿಲ್ಲ. ಅದರಲ್ಲೂ ಮಂಚದ ಮೇಲೆ ಹಾಗೆ ಮಲಗಿರುವ ಗಂಡನನ್ನು ಇಟ್ಟುಕೊಂಡು ಓಲೆ ಬಿಚ್ಚುವುದೆಂದರೆ ಅವನಿಗೆ ಬೇಗ ಹೋಗು ಎಂದ ಹಾಗೆ. ನಾನು ಓದಿದವಳು, ಇದನ್ನೆಲ್ಲ ನಂಬುವುದಿಲ್ಲ ಎಂದು ಹೇಳುತ್ತಿದ್ದವಳು. ಬಿಚ್ಚಲಿಲ್ಲ. ಮೆತ್ತೆ ಸವೆದರೆ ಸರಿಹೋಗುತ್ತದೆ ಎಂದುಕೊಂಡು ಹಾಗೇ ಕಟ್ಟಿಸಿಕೊಂಡು ಬಂದೆ.

ಮೆತ್ತೆ ಸವೆದಷ್ಟೂ ಬಟ್ಟಲು ಇನ್ನೂ ಆಳ ಕಡಿಮೆಯಾಗುತ್ತದೆ ಎಂಬ ಸಣ್ಣ ಲೆಕ್ಕ ನನಗೆ ಹೊಳೆದಿರಲಿಲ್ಲ. ಮೊದಲ ತಿಂಗಳು ಕಿವಿ ಕೆಂಪಾಯಿತು. ಎರಡನೆಯ ತಿಂಗಳು ಜೋಮು ಹಿಡಿದು, ಚಿವುಟಿದರೂ ತಿಳಿಯುತ್ತಿರಲಿಲ್ಲ. ನೋವಿಲ್ಲವಲ್ಲ, ಒಳ್ಳೆಯದೇ ಆಯಿತು ಎಂದುಕೊಂಡೆ. ಮೂರನೆಯ ತಿಂಗಳು ಎಡಗಿವಿ ಊದಿಕೊಂಡು ತಿರುಪಿನ ಸುತ್ತ ಕೀವು ಕಾಣಿಸಿತು. ಹಾಸನದ ಕಿವಿ ಡಾಕ್ಟರು ಒಂದೇ ಮಾತು ಹೇಳಿದರು. ಓಲೆ ತೆಗೆಯಿರಿ, ಇಲ್ಲದಿದ್ದರೆ ಆ ಹೆಡ್‌ಫೋನು ಬಿಡಿ. ನನ್ನ ಕೈ ಓಲೆಯನ್ನು ಮುಚ್ಚಿಕೊಂಡದ್ದನ್ನು ನೋಡಿ ಅಲ್ಲಿದ್ದ ವಯಸ್ಸಾದ ನರ್ಸಮ್ಮ ಹತ್ತಿರ ಬಂದು, "ಚಿನ್ನದ ಚೂರಿ ಅಂತ ಒಟ್ಟೆಗೆ ಚುಚ್ಕೊಳಕಾಯ್ತದಾ ಕಣವ್ವ," ಎಂದರು. ಹೌದು, ಆಗುವುದಿಲ್ಲ. ಹೆಡ್‌ಫೋನು ಬಿಟ್ಟರೆ ಔಷಧಿಯಿಲ್ಲ, ಓಲೆ ಬಿಟ್ಟರೆ ಮನೆಯಲ್ಲಿ ಮುಖವಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಊರು ಬರುವವರೆಗೂ ಇದನ್ನೇ ತಿರುವಿ ಹಾಕಿದೆ.

ಅತ್ತೆ ಹಿಟ್ಟಿನ ಗಿರಣಿಗೆ ಹೋಗಿದ್ದ ಹೊತ್ತು ನೋಡಿ, ಕೊಬ್ಬರಿ ಎಣ್ಣೆಯ ಬಟ್ಟಲು ಹಿಡಿದು ಗಂಡನ ಮಂಚದ ಪಕ್ಕ ಕೂತೆ. ಕದ್ದು ಮಾಡಿದೆ ಎಂದಾಗಬಾರದು, ಅವರಾದರೂ ನೋಡಲಿ ಎಂದು. ಬಲಗಿವಿಯದು ಸುಲಭವಾಗಿ ಬಂತು. ಎಡಗಿವಿಯ ತಿರುಪು ಒಣಗಿದ ಕೀವಿನಲ್ಲಿ ಕಚ್ಚಿಕೊಂಡಿತ್ತು. ಹಲ್ಲು ಕಚ್ಚಿ ತಿರುಗಿಸಿದೆ. ಅವರು ನೋಡುತ್ತಲೇ ಇದ್ದರು. ಬಿಚ್ಚಿ ಮುಗಿದ ಮೇಲೆ ಎಡಗೈ ಎತ್ತಿ ನನ್ನ ಬರೀ ಕಿವಿಯನ್ನು ಒಂದು ಸಲ ಮುಟ್ಟಿದರು. ನಕ್ಕರೋ ಅತ್ತರೋ ಹೇಳಲಾರೆ. ಅವರ ಬಾಯಿ ಆಗ ಯಾವಾಗಲೂ ಒಂದೇ ಕಡೆಗೆ ಎಳೆದುಕೊಂಡಿರುತ್ತಿತ್ತು.

ಓಲೆಯಿಲ್ಲದ ಕಿವಿಗೆ ಆ ಹೆಡ್‌ಫೋನು ಎಷ್ಟು ಚೆನ್ನಾಗಿತ್ತೆಂದು ಬರೆಯಲು ನಾಚಿಕೆಯಾಗುತ್ತದೆ. ಆದರೆ ನಂಬಬಹುದು ಎಂದು ಮೊದಲೇ ಹೇಳಿದ್ದೇನಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಬಟ್ಟಲು ಕಿವಿಯ ಸುತ್ತ ಸಮನಾಗಿ ಕೂತಿತು. ಮಾತು ಇನ್ನೂ ಹತ್ತಿರವಾಯಿತು. ಐದು ಗಂಟೆ ಕಳೆದರೂ ತಲೆಯ ಮೇಲೆ ಏನಿದೆ ಎಂಬುದೇ ಮರೆತುಹೋಗುತ್ತಿತ್ತು. ಸುಖವಾಗಿತ್ತು.

ಅತ್ತೆ ಹಿಟ್ಟಿನ ಡಬ್ಬ ಇಳಿಸುವ ಮುಂಚೆಯೇ ಕಂಡುಹಿಡಿದರು.

"ವಾಲೆ ಎಲ್ಲವ್ವ?"

"ಬಿಚ್ಚಿಟ್ಟಿದೀನಿ ಅತ್ತೆ. ಕೀವಾಗಿದೆ. ಡಾಕ್ಟ್ರು ಹೇಳಿದ್ರು."

ಅವರು ನನ್ನ ಕಿವಿ ನೋಡಲಿಲ್ಲ. ಮಂಚದ ಕಡೆ ನೋಡಿದರು. "ನನ್ ಮಗ ಇನ್ನೂ ಉಸ್ರಾಡ್ತಾವ್ನೆ. ಅವ್ನು ಓದ ಮ್ಯಾಲೆ ಬಿಚ್ಚೋದು ಇದ್ದೇ ಇತ್ತು. ನಿಂಗೆ ಅಷ್ಟೊಂದು ಅವಸ್ರನಾ?"

ಆಮೇಲೆ ಅತ್ತೆ ನನ್ನೊಂದಿಗೆ ಮಾತು ಬಿಟ್ಟರು. ಮೂರು ತಿಂಗಳು. ಮುದ್ದೆ ಮಾಡಿ ತಟ್ಟೆಗಿಟ್ಟು ಸೌಟಿನಿಂದ ಪಾತ್ರೆ ಬಡಿಯುವರು, ನಾನು ಹೋಗಿ ಉಣ್ಣುವೆ. ಒಂದು ಮನೆಯಲ್ಲಿ ಒಬ್ಬರು ಲೋಟ ಬಡಿಯುವುದು, ಇನ್ನೊಬ್ಬರು ಪಾತ್ರೆ ಬಡಿಯುವುದು. ಮಾತಿಗೆ ಬರ ಬಂದ ಆ ಮನೆಯಲ್ಲಿ ನಾನು ದಿನಕ್ಕೆ ಎಂಟು ಗಂಟೆ ಊರ ಮಂದಿಯ ಮಾತು ಕೇಳುತ್ತಿದ್ದೆ. ಅತ್ತೆಯ ಮೇಲೆ ನನಗೆ ಮೊದಮೊದಲು ಸಿಟ್ಟಿತ್ತು. ಬರುಬರುತ್ತ ಅದೂ ಹೋಯಿತು. ಏನೂ ಅನ್ನಿಸದಂತಾಯಿತು. ಸ್ನಾನ, ಅಡಿಗೆ, ಗಂಡನ ಮೈ ಒರೆಸುವುದು, ಕೆಲಸ. ಒಂದಾದ ಮೇಲೊಂದು ಮಾಡುತ್ತಿದ್ದೆ, ಅಷ್ಟೇ.

ಒಂದು ಮಧ್ಯಾಹ್ನ ಒಬ್ಬ ಹೆಂಗಸು ಹಸುವಿನ ಹೊಟ್ಟೆಯುಬ್ಬರಕ್ಕೆ ಮಾಡುವ ಮದ್ದಿನ ವಿಷಯ ಹೇಳುತ್ತಿದ್ದಳು. ನಾನು ಟೈಪು ಮಾಡುತ್ತಿದ್ದೆ. ಲೋಟದ ಶಬ್ದ ಬರಲಿಲ್ಲ. ಹಿಂದಿನಿಂದ ಎರಡು ಕೈ ಬಂದು ತಲೆಯಿಂದ ಹೆಡ್‌ಫೋನನ್ನು ಎತ್ತಿದವು. ಅತ್ತೆ. ಆವರೆಗೆ ಅವರು ಅದನ್ನು ಒಂದು ದಿನವೂ ಮುಟ್ಟಿದವರಲ್ಲ. ಒಡೆಯುವ ಸಾಮಾನು ಹಿಡಿದಂತೆ ಹಿಡಿದುಕೊಂಡು ನಿಂತಿದ್ದರು.

"ಏಳವ್ವ," ಎಂದರು. "ಓಗ್ಬುಟ್ಟ."

ಮೂರು ತಿಂಗಳ ಮೇಲೆ ನನ್ನೊಂದಿಗೆ ಆಡಿದ ಮೊದಲ ಮಾತು ಅದು. ನಾನು ಅರ್ಧಕ್ಕೆ ನಿಂತ ವಾಕ್ಯವನ್ನು ಪೂರ್ತಿ ಮಾಡಿ, ಫೈಲನ್ನು ಸೇವ್ ಮಾಡಿ ಎದ್ದೆ. ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ. ಹೋಗಿ ನೋಡಿದೆ. ಅವರು ಮಲಗಿದ್ದ ಹಾಗೇ ಇದ್ದರು. ಬಾಯಿ ಮಾತ್ರ ನೇರವಾಗಿತ್ತು.

ಅಳು ಬರಲಿಲ್ಲ. ಬರಲಿ ಎಂದು ಕಾದೆ. ಜನ ಬಂದರು, ಹೆಂಗಸರು ನನ್ನನ್ನು ತಬ್ಬಿಕೊಂಡು ಅತ್ತರು, ಅವರ ಕಣ್ಣೀರು ನನ್ನ ಹೆಗಲ ಮೇಲೆ ಬಿತ್ತು, ನಾನು ಅವರ ಬೆನ್ನು ಸವರಿದೆ. ನುಗ್ಗೇಹಳ್ಳಿಯ ತೋಟಕ್ಕೆ ಒಯ್ದು ಮಣ್ಣು ಮಾಡಿದರು. ಅದೂ ಮುಗಿಯಿತು. ಅಂಗಳದಲ್ಲಿ ಯಾರೋ, "ಗಂಡ ಸತ್ರೂ ಕಣ್ಣಲ್ ನೀರಿಲ್ಲ ನೋಡು," ಎಂದದ್ದು ಕಿವಿಗೆ ಬಿತ್ತು. ನನ್ನ ಕಿವಿ ಚುರುಕು, ಅವರಿಗೆ ಗೊತ್ತಿಲ್ಲ. ಸಿಟ್ಟೂ ಬರಲಿಲ್ಲ. ಹತ್ತು ದಿನವೂ ಒಂದೇ ಭಯ ಇತ್ತು, ಅದೂ ದೂರದಲ್ಲೆಲ್ಲೋ. ಅತ್ತೆ ಯಾವಾಗ ಬಾಯಿ ಬಿಟ್ಟು ಹೇಳುತ್ತಾರೆ? ಇವಳೇ ಮೊದಲೇ ಓಲೆ ಬಿಚ್ಚಿದಳು, ಅದಕ್ಕೇ ನನ್ನ ಮಗ ಹೋದ, ಎಂದು. ಹೇಳಿದರೆ ಎದುರಾಡಲು ನನ್ನ ಹತ್ತಿರ ಏನೂ ಇರಲಿಲ್ಲ. ನಾನೇ ಎಷ್ಟೋ ಸಲ ಹಾಗೆ ಅಂದುಕೊಂಡಿದ್ದೆ.

ಹನ್ನೊಂದನೆಯ ದಿನ ಶಾಸ್ತ್ರಕ್ಕೆ ಹಿತ್ತಲಲ್ಲಿ ಮಣೆ ಹಾಕಿ ಕೂರಿಸಿದರು. ಸುತ್ತ ನಾಲ್ಕೈದು ಹೆಂಗಸರು. ಮುಂದೆ ನಿಂತವರು ಗಂಡನ ಅಕ್ಕ, ಅರಕಲಗೂಡಿಗೆ ಕೊಟ್ಟವರು. ಹೂವು ಮುಡಿಸಿ ತೆಗೆದರು, ಬಳೆ ತೊಡಿಸಿ ತೆಗೆದರು. ಆಮೇಲೆ ಸೆರಗು ಸರಿಸಿ ಕಿವಿ ನೋಡಿದರು.

"ವಾಲೆ ಎಲ್ಲೋಯ್ತು?"

"ಬೀರುವಿನಲ್ಲಿದೆ. ಮೂರು ತಿಂಗಳಾಯ್ತು ಬಿಚ್ಚಿ," ಎಂದೆ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಇಲ್ದೇ ಇರೋದ್ನ ಎಂಗೆ ಬಿಚ್ಚೋದು," ಎಂದರು ಗಂಡನ ಅಕ್ಕ. "ತಕಂಬನ್ರಿ. ಇಕ್ಕಿ ಬಿಚ್ಚಾನ. ಶಾಸ್ತ್ರ ಶಾಸ್ತ್ರನೇ."

ಯಾರೋ ಹೋಗಿ ತಂದರು. ಬಿಚ್ಚುವುದಕ್ಕೋಸ್ಕರ ಇಡಬೇಕು. ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ, ಸರಿಯೂ ಕಾಣಲಿಲ್ಲ. ಕಿವಿ ಒಡ್ಡಿದೆ. ಬಲಗಿವಿಗೆ ಹೋಯಿತು. ಎಡಗಿವಿಯ ಹುಣ್ಣು ಮಾಗುವಾಗ ತೂತು ಮುಚ್ಚಿಕೊಂಡಿತ್ತು. ಗಂಡನ ಅಕ್ಕ ಎಣ್ಣೆ ಹಚ್ಚಿ ಒತ್ತಿದರು. ಹೋಗಲಿಲ್ಲ. ಇನ್ನೂ ಒತ್ತಿದರು. ಕುತ್ತಿಗೆಯ ಮೇಲೆ ಬೆಚ್ಚಗೆ ಏನೋ ಇಳಿಯಿತು, ಬಿಳಿ ಸೀರೆಯ ಮೇಲೆ ಕೆಂಪು ಹನಿ ಬಿದ್ದದ್ದು ಕಂಡಿತು. ನೋವು ಮಾತ್ರ ಗೊತ್ತಾಗುತ್ತಿರಲಿಲ್ಲ. ಬೇರೆಯವರ ಕಿವಿಯನ್ನು ನೋಡುತ್ತಿರುವ ಹಾಗೆ ಕೂತಿದ್ದೆ.

"ಇಷ್ಟ್ ಬೇಗ ಯಾಕವ್ವ ಬಿಚ್ದೆ," ಎಂದು ಗಂಡನ ಅಕ್ಕ ಒತ್ತುತ್ತಲೇ ಕೇಳಿದರು. ಕೇಳಿದ್ದು ನನ್ನನ್ನು, ನೋಡಿದ್ದು ತಾಯಿಯನ್ನು.

ಅತ್ತೆ ಗೋಡೆಗೊರಗಿ ಕೂತಿದ್ದರು. ಎದ್ದು ಬಂದರು. ಮಗಳ ಕೈ ಹಿಡಿದು ಕೆಳಗಿಳಿಸಿ, ಓಲೆಯನ್ನು ತಮ್ಮ ಅಂಗೈಗೆ ಹಾಕಿಕೊಂಡರು.

"ಬಿಡೇ. ಅದ್ನ ನಾನೇ ಬಿಚ್ಚಿಸ್ದೆ. ಕೀವಾಗಿತ್ತು. ಇಷ್ಟು ದಿನ ನಿನ್ ತಮ್ಮ ಉಸ್ರಾಡಿದ್ದು ಆ ಕಿವಿಯಿಂದ ಕಣೇ. ಅದ್ಕೆ ಇನ್ನೊಂದ್ ತೂತು ಮಾಡ್ಬ್ಯಾಡ."

ಗಂಡನ ಅಕ್ಕ ಎಣ್ಣೆಯ ಬಟ್ಟಲು ಎತ್ತಿಕೊಂಡು ಪಕ್ಕಕ್ಕೆ ಸರಿದರು. ಅತ್ತೆ ಹೇಳಿದ್ದು ಸುಳ್ಳು ಎಂಬುದು ಅಲ್ಲಿ ಗೊತ್ತಿದ್ದುದು ನಮ್ಮಿಬ್ಬರಿಗೇ. ಸುಳ್ಳು ಹೇಳುವವರಲ್ಲ ಅವರು, ಅದೂ ಸತ್ತ ಮಗನ ಶಾಸ್ತ್ರದ ದಿನ.

ಅತ್ತೆ ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು, ತಮ್ಮ ಸೆರಗಿನ ತುದಿಯಿಂದ ಕಿವಿಯ ರಕ್ತ ಒತ್ತಿದರು.

"ಉರೀತೈತಾ?" ಎಂದು ಕೇಳಿದರು.

ಅಲ್ಲಿಯವರೆಗೆ ಉರಿದಿರಲಿಲ್ಲ. ಅವರು ಕೇಳಿದ ಮೇಲೆ ಉರಿಯತೊಡಗಿತು, ಕಿವಿಯಿಂದ ಕುತ್ತಿಗೆಗೆ, ಅಲ್ಲಿಂದ ಎದೆಗೆ. ಹೂಂ ಎನ್ನಲು ಬಾಯಿ ತೆರೆದೆ. ಗಂಡ ಸತ್ತ ಹನ್ನೊಂದನೆಯ ದಿನ, ಅತ್ತೆಯ ಮಡಿಲಿಗೆ ತಲೆಯಿಟ್ಟು ಅತ್ತೆ.